ಕಲ್ಲಿನ ಪಾಠವೆಂದರೆ ನಮಗೇಕೆ ಈ ತಾತ್ಸಾರ?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಭೂವಿಜ್ಞಾನ ತರಗತಿಗೆ ಹಳೆಯದೊಂದು ಅಡ್ಡಹೆಸರಿದೆ: ‘ರಾಕ್ಸ್ ಫಾರ್ ಜಾಕ್ಸ್’. ಓದಿನಲ್ಲಿ ಹಿಂದುಳಿದ ಆಟಗಾರ ಹುಡುಗರನ್ನು ಹೇಗೋ ದಡ ಮುಟ್ಟಿಸುವ ಕಲ್ಲಿನ ಪಾಠ ಎಂಬುದು ಅದರ ತಾತ್ಪರ್ಯ. ಈ ಹಾಸ್ಯವನ್ನು ನಮ್ಮವರು ಅಮೆರಿಕನ್ನರಿಗಿಂತ ಗಂಭೀರವಾಗಿ ನಂಬಿದ್ದಾರೆ. ಕನ್ನಡ ಕೂಟಗಳ ಹಬ್ಬದೂಟದಲ್ಲಿ ಮಗನ ಕಂಪ್ಯೂಟರ್ ಸೈನ್ಸ್ ಸೀಟಿನ ಸುದ್ದಿ ಎತ್ತರದ ದನಿಯಲ್ಲಿ ಬರುತ್ತದೆ. ‘ನಡುವೆ ಒಂದು ಜಿಯಾಲಜಿ ಕೋರ್ಸು ಬೇರೆ ತಗೋಬೇಕಂತೆ, ದಂಡ’ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಕೇಳಿದವರು ನಗುತ್ತಾರೆ. ಆ ನಗೆಯ ಹಿಂದಿನ ಅಜ್ಞಾನ ಅಮಾಯಕವಾದುದಲ್ಲ.

ತಾತ್ಸಾರವು ಹುಡುಗರಲ್ಲಿ ತಾನಾಗಿ ಹುಟ್ಟುವುದಿಲ್ಲ, ಅದನ್ನು ಕಲಿಸಲಾಗುತ್ತದೆ. ಪ್ರೌಢಶಾಲೆಯಲ್ಲಿ ಕಾಲೇಜು ಮಟ್ಟದ ಪಾಠಗಳನ್ನು ಓದಿ ಅಂಕ ಕೂಡಿಡುವ ಎ.ಪಿ. ಪರೀಕ್ಷೆಗಳನ್ನೇ ನೋಡಿ. ಭೌತಶಾಸ್ತ್ರಕ್ಕೆ ಇದೆ, ರಸಾಯನಶಾಸ್ತ್ರಕ್ಕೆ ಇದೆ, ಜೀವಶಾಸ್ತ್ರಕ್ಕೂ ಪರಿಸರ ವಿಜ್ಞಾನಕ್ಕೂ ಇದೆ, ಭೂವಿಜ್ಞಾನಕ್ಕೆ ಇಲ್ಲ. ಅಂಕಪಟ್ಟಿಯಲ್ಲಿ ಹೊಳೆಯದ ವಿಷಯವನ್ನು ಜಾಣ ಮಕ್ಕಳು ಓದಬೇಕಿಲ್ಲವೆಂಬ ಸಂದೇಶ ಹದಿನೈದನೆಯ ವಯಸ್ಸಿಗೇ ತಲುಪಿಬಿಡುತ್ತದೆ. ಹದಿನೆಂಟು ತುಂಬಿದ ಹುಡುಗ ಕಲನಶಾಸ್ತ್ರದ ಲೆಕ್ಕ ಬಿಡಿಸಬಲ್ಲ, ತನ್ನ ಮನೆಯ ನಲ್ಲಿಗೆ ನೀರು ಯಾವ ಪದರದಿಂದ, ಯಾರ ಪಾಲನ್ನು ಕಡಿಮೆಮಾಡಿ ಬರುತ್ತಿದೆಯೆಂದು ಹೇಳಲಾರ.

ಇನ್ನು ತರಗತಿಯೊಳಗಿನ ಅನುಭವ. ಪ್ರಯೋಗಶಾಲೆಯಲ್ಲಿ ತಟ್ಟೆಯ ತುಂಬ ಕಲ್ಲುಗಳು. ಉಗುರಿನಿಂದ ಗೀಚು, ನಾಣ್ಯದಿಂದ ಗೀಚು, ಗಾಜಿನ ಮೇಲೆ ಗೀಚು. ಆಮ್ಲದ ಹನಿ ಬಿಟ್ಟಾಗ ನೊರೆಯುಕ್ಕಿದರೆ ಕ್ಯಾಲ್ಸೈಟ್, ಉಕ್ಕದಿದ್ದರೆ ಮುಂದಿನದು. ಇದರಲ್ಲಿ ತಪ್ಪೇನಿಲ್ಲ. ಕೈಯಲ್ಲಿ ಹಿಡಿದು ತಿಳಿಯುವ ವಿಜ್ಞಾನ ನನಗೆ ಪರದೆಯ ಮೇಲಿನ ವಿಜ್ಞಾನಕ್ಕಿಂತ ಪ್ರಿಯ. ಆದರೆ ಬೆಣಚುಕಲ್ಲಿನ ಗಡಸುತನ ಏಳು ಎಂದು ಬರೆದವರಿಗೆ ಅಂಕ ಸಿಗುತ್ತದೆ. ಅದನ್ನು ಒಡೆದವರ ಶ್ವಾಸಕೋಶದಲ್ಲಿ ಆ ಧೂಳು ಏನು ಮಾಡುತ್ತದೆ ಎಂಬ ಪ್ರಶ್ನೆ ಪತ್ರಿಕೆಗೆ ಬರುವುದಿಲ್ಲ. ಚಿನ್ನದ ಅದಿರಿನ ತುಣುಕನ್ನು ಗುರುತಿಸಿದ ವಿದ್ಯಾರ್ಥಿಗೆ ಕೋಲಾರದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವೆಂದು ಅಧ್ಯಾಪಕರು ಹೇಳಿಯಾರು. ಇಳಿದವರಲ್ಲಿ ಬಹುಪಾಲು ದಲಿತ ಕಾರ್ಮಿಕರೆಂಬುದನ್ನೂ, 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳಿಗೆ ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳೆಂಬುದನ್ನೂ ಹೇಳುವವರು ಅಪರೂಪ.

ಈ ತರಗತಿಗಳಲ್ಲಿ ತಪ್ಪದೆ ತೋರಿಸುವ ಚಿತ್ರವೊಂದಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಒಂದು ಕಂಬ. ಅದರ ಪಕ್ಕದಲ್ಲಿ ಜೋಸೆಫ್ ಪೋಲಂಡ್ ಎಂಬ ಭೂವಿಜ್ಞಾನಿ. ಕಂಬದ ತುದಿಯಲ್ಲಿ 1925 ಎಂಬ ಫಲಕ, ನಡುವೆ 1955, ಅವನ ಕಾಲಬಳಿ 1977. ನೀರಾವರಿಗಾಗಿ ಅಂತರ್ಜಲವನ್ನು ಹೀರಿದ್ದರಿಂದ ಜೇಡಿಮಣ್ಣಿನ ಪದರಗಳು ಕುಗ್ಗಿ, ಆ ಅರ್ಧ ಶತಮಾನದಲ್ಲಿ ನೆಲ ಸುಮಾರು ಒಂಬತ್ತು ಮೀಟರ್ ಕುಸಿದಿತ್ತು. ವಿದ್ಯಾರ್ಥಿಗಳು ಬೆರಗಾಗುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಪಾಠ ಮುಂದಿನ ಸ್ಲೈಡಿಗೆ ಹೋಗುತ್ತದೆ. ಅಂತರ್ಜಲಕ್ಕೆ ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನು ಬಂದದ್ದು 2014ರಲ್ಲಿ. ಅದೇ ವರ್ಷ ಅದೇ ಕಣಿವೆಯ ಈಸ್ಟ್ ಪೋರ್ಟರ್‌ವಿಲ್ ಎಂಬ ಊರಲ್ಲಿ, ಹೊಲತೋಟಗಳಲ್ಲಿ ದುಡಿಯುವವರ ಮನೆಯ ಬಾವಿಗಳು ಸಾಲಾಗಿ ಬತ್ತಿದವು. ಅಂಥ ಊರಿಂದ ಬಂದ ವಿದ್ಯಾರ್ಥಿನಿಯೂ ಇದೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾಳೆ. ನೀರಿಲ್ಲದ ಮನೆಯ ಅನುಭವವನ್ನು ವಿಜ್ಞಾನವೆಂದು ಪರಿಗಣಿಸಬಹುದೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತವಳು ಅವಳು. ಅವರಿಬ್ಬರೂ ಮಾತಾಡಿದ್ದರೆ ಕೋಲಾರ, ಚಿಕ್ಕಬಳ್ಳಾಪುರದ ಕಥೆಯೂ ಬರುತ್ತಿತ್ತು. ಅಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿದ್ದರೂ ನೆಲ ಕುಸಿಯುವುದಿಲ್ಲ. ಗಟ್ಟಿ ಶಿಲೆಯ ಬಿರುಕುಗಳಲ್ಲಿದ್ದ ನೀರು ಸದ್ದಿಲ್ಲದೆ ಬರಿದಾಗುತ್ತದೆ, ಆಳದಿಂದ ಬರುವ ನೀರಿನೊಡನೆ ಫ್ಲೋರೈಡ್ ಬರುತ್ತದೆ. ಕಂಬ ನೆಟ್ಟು ಫೋಟೊ ತೆಗೆಯಲು ಅಲ್ಲಿ ಏನೂ ಇಲ್ಲ. ಹೀಗಾಗಿ ಅದು ಪಠ್ಯಪುಸ್ತಕದಲ್ಲೂ ಇಲ್ಲ.

ಹೆಸರುಗಳ ರಾಜಕೀಯವನ್ನೇ ನೋಡಿ. ‘ಗೊಂಡ್ವಾನಾ’ ಎಂಬ ಪದವನ್ನು ಬರೆಯದೆ ಈ ಪರೀಕ್ಷೆ ಪಾಸಾಗುವುದು ಕಷ್ಟ. ಗೊಂಡರೆಂಬ ಜನರಿದ್ದಾರೆ, ಛತ್ತೀಸ್‌ಗಢದ ಹಸದೇವ್ ಅರಣ್ಯದಲ್ಲಿ ಕಲ್ಲಿದ್ದಲು ಗಣಿಯ ವಿರುದ್ಧ ಇಂದಿಗೂ ಹೋರಾಡುತ್ತಿದ್ದಾರೆ, ಆ ಕಲ್ಲಿದ್ದಲು ಗೊಂಡ್ವಾನಾ ಪದರಗಳದ್ದೇ ಎಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ಇತ್ತ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಸಿಗುವ ಚಾರ್ನೊಕೈಟ್ ಶಿಲೆಯ ಹೆಸರು ಈಸ್ಟ್ ಇಂಡಿಯಾ ಕಂಪನಿಯ ಏಜೆಂಟ್ ಜಾಬ್ ಚಾರ್ನಾಕ್‌ನದು. ಕೊಲ್ಕತ್ತದಲ್ಲಿರುವ ಅವನ ಗೋರಿಯ ಕಲ್ಲು ಆ ಶಿಲೆಯದೆಂಬುದೇ ಕಾರಣ. ಕಂಪನಿಯ ನೌಕರ ಶಿಲೆಯಾಗಿ ಅಮರನಾದ. ಗೊಂಡರು ಭೂಖಂಡಕ್ಕೆ ಹೆಸರು ಕೊಟ್ಟೂ ತಮ್ಮ ಕಾಡಿನಲ್ಲಿ ಅತಿಕ್ರಮಣಕಾರರೆನಿಸಿದರು.

‘ವಿಜ್ಞಾನದ ತರಗತಿಗೆ ರಾಜಕೀಯ ಏಕೆ’ ಎಂದು ಕೇಳುವವರಿಗೆ ಕ್ಲೇರ್ ಪ್ಯಾಟರ್ಸನ್ ಸಾಕು. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು 1956ರಲ್ಲಿ ಪ್ರಕಟಿಸಿದವನು ಅವನೇ. ಆ ಸಂಖ್ಯೆಯನ್ನು ಎಲ್ಲ ವಿದ್ಯಾರ್ಥಿಗಳೂ ಬಾಯಿಪಾಠ ಮಾಡುತ್ತಾರೆ. ಉಲ್ಕಾಶಿಲೆಯ ಸೀಸವನ್ನು ಅಳೆಯಹೊರಟವನಿಗೆ ಪ್ರಯೋಗಶಾಲೆಯ ಗಾಳಿ, ಧೂಳು, ಪಾತ್ರೆ ಎಲ್ಲದರಲ್ಲೂ ಸೀಸ ಕಂಡಿತು. ಬೆನ್ನುಹತ್ತಿ ಹೋದಾಗ ಅದರ ಜಾಡು ಪೆಟ್ರೋಲಿಗೆ ತಲುಪಿತು. 1965ರಲ್ಲಿ ಅದನ್ನು ಬರೆದದ್ದಕ್ಕೆ ಉದ್ಯಮದ ಸಂಶೋಧನಾ ಧನ ಕೈತಪ್ಪಿತು. 1971ರಲ್ಲಿ ವಾತಾವರಣದ ಸೀಸವನ್ನು ಕುರಿತ ರಾಷ್ಟ್ರೀಯ ಸಮಿತಿಯಲ್ಲಿ, ಆ ವಿಷಯವನ್ನು ಎಲ್ಲರಿಗಿಂತ ಬಲ್ಲ ಅವನಿಗೇ ಸ್ಥಾನ ಸಿಗಲಿಲ್ಲ. ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲು ಅಮೆರಿಕದಲ್ಲಿ ಪೂರ್ತಿ ನಿಂತದ್ದು 1996ರಲ್ಲಿ, ಭಾರತದಲ್ಲಿ 2000ದಲ್ಲಿ. ಆ ನಡುವಿನ ಮಕ್ಕಳ ರಕ್ತದಲ್ಲಿ ಸೇರಿದ ಸೀಸ ಯಾರ ರಾಜಕೀಯ? ತರಗತಿಯಲ್ಲಿ 455 ಕೋಟಿ ಉಳಿದಿದೆ, ಪ್ಯಾಟರ್ಸನ್ನನ ಜಗಳ ಮಾಯವಾಗಿದೆ.

ಅಧ್ಯಾಪಕರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ನೂರಾರು ವಿದ್ಯಾರ್ಥಿಗಳ ಈ ಸಭಾಂಗಣ ವಿಭಾಗದ ಆದಾಯದ ಮೂಲ. ಅನೇಕ ಕಡೆ ಪಾಠ ಹೇಳುವವರು ಸೆಮಿಸ್ಟರಿನಿಂದ ಸೆಮಿಸ್ಟರಿಗೆ ನೇಮಕವಾಗುವವರು, ಪ್ರಯೋಗಶಾಲೆ ನಡೆಸುವವರು ಪದವಿ ವಿದ್ಯಾರ್ಥಿಗಳು. ಬೆಟ್ಟ ತೋರಿಸುವ ಕ್ಷೇತ್ರಪ್ರವಾಸ ಶನಿವಾರ ಇಟ್ಟರೆ ವಾರಾಂತ್ಯದಲ್ಲಿ ಅಂಗಡಿಯಲ್ಲಿ ದುಡಿಯುವ ಹುಡುಗಿ ಬರಲಾರಳು, ಗಾಲಿಕುರ್ಚಿಯ ಹುಡುಗ ಬಸ್ಸಿನಲ್ಲೇ ಉಳಿಯಬೇಕು. ಅಮೆರಿಕದಲ್ಲಿ ಭೂವಿಜ್ಞಾನದ ಡಾಕ್ಟರೇಟ್ ಪಡೆಯುವವರ ಜನಾಂಗೀಯ ವೈವಿಧ್ಯ ನಾಲ್ಕು ದಶಕಗಳಲ್ಲಿ ಮುಂದೆ ಸಾಗಿಲ್ಲವೆಂದು 2018ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದಾಗ ವಿದ್ವಾಂಸರು ಅಚ್ಚರಿಪಟ್ಟರು. ಆ ಬಸ್ಸಿನೊಳಗೆ ಒಮ್ಮೆ ಕಣ್ಣುಹಾಯಿಸಿದ್ದರೆ ಅಚ್ಚರಿ ಇರುತ್ತಿರಲಿಲ್ಲ.

2022ರ ಚಳಿಗಾಲದಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಸುಮಾರು 48,000 ಶೈಕ್ಷಣಿಕ ಕಾರ್ಮಿಕರು ಮುಷ್ಕರ ಹೂಡಿದರು. ಕಲ್ಲಿನ ತಟ್ಟೆ ಜೋಡಿಸುವ, ಉತ್ತರಪತ್ರಿಕೆ ತಿದ್ದುವ ಕೈಗಳೂ ಅವರಲ್ಲಿದ್ದವು. ಬಾಡಿಗೆ ಕಟ್ಟುವಷ್ಟು ಸಂಬಳ ಕೊಡಿ ಎಂಬುದು ಅವರ ಬೇಡಿಕೆ. ಹೋರಾಟದ ಪರವಾಗಿ ಮಾತಾಡಬೇಕಾದ, ಪ್ರಗತಿಪರರೆಂದು ಕರೆದುಕೊಳ್ಳುವ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆ ವಾರಗಳಲ್ಲಿ ನಾನು ಹೆಚ್ಚಾಗಿ ಓದಿದ ಪ್ರಶ್ನೆ ಒಂದೇ: ಮಕ್ಕಳ ಗ್ರೇಡು ಯಾವಾಗ ಬರುತ್ತದೆ?