ಬಿಟ್ಟ ಗೋಲಿನ ಲೆಕ್ಕ ಸಾಲದು

ಭಾರತದ ಗೋಲ್‌ಕೀಪರ್‌ಗಳನ್ನು ಅವರು ಬಿಟ್ಟ ಗೋಲುಗಳಿಂದಲೇ ಅಳೆಯಬೇಕೆಂಬ ವಾದ ದೋಹಾದ ಎರಡು ಪಂದ್ಯಗಳ ಮುಂದೆ ನಿಲ್ಲುವುದಿಲ್ಲ.

2019ರ ಸೆಪ್ಟೆಂಬರ್ 10ರಂದು ಏಷ್ಯಾ ಚಾಂಪಿಯನ್ ಕತಾರ್ ಮೇಲಿಂದ ಮೇಲೆ ನುಗ್ಗಿದರೂ ಬೆಂಗಳೂರು ಎಫ್‌ಸಿಯ ಗುರುಪ್ರೀತ್ ಸಿಂಗ್ ಸಂಧು ಒಂದೂ ಗೋಲು ಬಿಡಲಿಲ್ಲ. 2024ರ ಜೂನ್ 11ರಂದು ಅದೇ ಕತಾರ್ ಎದುರು ಅವರು ಹೆಡರ್ ತಡೆದರು. ಚೆಂಡು ಗೆರೆ ದಾಟಿ ಮೈದಾನದಿಂದ ಆಚೆ ಹೋಯಿತು. ಹಾಗೆ ಹೊರಹೋದದ್ದನ್ನು ಕತಾರ್‌ನವನೊಬ್ಬ ಕಾಲಿನಿಂದ ಒಳಗೆಳೆದ, ಇನ್ನೊಬ್ಬ ಬಲೆಗೆ ತಳ್ಳಿದ. ರೆಫ್ರಿ ಗೋಲು ಕೊಟ್ಟೇಬಿಟ್ಟರು, ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇರಲಿಲ್ಲ. ಅದೂ ಗುರುಪ್ರೀತ್ ಖಾತೆಗೇ!

ಹಾಗೆಂದು ಅಭಿಮಾನಿಗಳ ಜೈಕಾರವೂ ಅಳತೆಗೋಲಲ್ಲ. 2023ರ ಜುಲೈ 4ರಂದು ಕಂಠೀರವದಲ್ಲಿ ಕುವೈತ್‌ನ ಕೊನೆಯ ಪೆನಾಲ್ಟಿ ತಡೆದು ಅವರು ಸ್ಯಾಫ್ ಕಪ್ ಗೆಲ್ಲಿಸಿದರು, ನಿಜ. ಆದರೆ ಹೊಡೆತ ಎಷ್ಟು ದೂರದಿಂದ ಬಂತು, ಡಿಫೆಂಡರ್ ಎಲ್ಲಿದ್ದ, ಹಿಡಿದ ಚೆಂಡನ್ನು ಕೀಪರ್ ಯಾರಿಗೆ ಕೊಟ್ಟ? ಇವಕ್ಕೆ ಈ ಎರಡೂ ಅಳತೆಗಳಲ್ಲಿ ಜಾಗವೇ ಇಲ್ಲ.