ಬಚ್ಚಲ ಮೋರಿಯೂ ವಿದ್ಯಾವಂತರೂ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯಹೊರಟವನು ಬಚ್ಚಲ ಮೋರಿಯ ಮಾತೆತ್ತಿದರೆ ಮಿತ್ರರು ಮೂಗು ಮುಚ್ಚಿಕೊಂಡಾರು. ಹಂಪೆಯ ವೈಭವ, ಕವಿಗಳ ಪ್ರಕೃತಿಪ್ರೇಮ ಮುಂತಾದುವು ಇಂಥ ಪುಟಗಳಿಗೆ ಶೋಭಿಸುವ ವಿಷಯಗಳೆಂಬುದನ್ನು ನಾನೂ ಬಲ್ಲೆ. ಆದರೂ ಕಳೆದ ರಜದಲ್ಲಿ ನಮ್ಮ ಮನೆಯ ಬಚ್ಚಲು ನನಗೆ ಹೇಳಿದ ಪಾಠವನ್ನು ನಿಮ್ಮ ಮುಂದಿಡದೆ ಇರಲಾರೆ.

ಸಂಗತಿ ಇಷ್ಟೆ. ಕನ್ನಡ ಪತ್ರಿಕೆಯಲ್ಲಿ ಶರಣರ ಕಾಯಕತತ್ವದ ಮೇಲೆ ನಾಲ್ಕು ಪುಟ ಬರೆದು, ಬಹಳ ಚೆನ್ನಾಗಿ ಬರೆದೆನೆಂಬ ಸಂತೋಷದಿಂದ ಮನೆಗೆ ಬಂದು ಸ್ನಾನಕ್ಕೆ ನಿಂತೆ. ಎರಡು ತಂಬಿಗೆ ಸುರಿದುಕೊಳ್ಳುವಷ್ಟರಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ನಲ್ಲಿ ಕೆಲಸದವರಿಗೆ ತಂದೆಯವರು ಫೋನು ಮಾಡಿದರೆ, ಅವರು ಎಲ್ಲೋ ಹೊಸ ಮನೆಯ ಕೆಲಸದಲ್ಲಿದ್ದು ನಾಲ್ಕು ದಿನ ಬಿಟ್ಟು ಬರುವೆವೆಂದರು. ಆಗ ತಂದೆಯವರು ಅಂಗಡಿಯಿಂದ ಆಸಿಡ್ ತಂದು ಸುರಿದರು. ಅದರ ಘಾಟಿಗೆ ತಂಗಿ ಕೆಮ್ಮುತ್ತ ಬೀದಿಗೆ ಓಡಿದಳು. ನೀರು ಮಾತ್ರ ನಿಂತಲ್ಲಿಯೇ ನಿಂತಿತು.

“ನಾನೇ ನೋಡುತ್ತೇನೆ” ಎಂದೆ.

“ಬೇಡ ಮಗು, ಅದನ್ನೆಲ್ಲ ಮುಟ್ಟಬೇಡ. ಆ ಕೆಲಸಕ್ಕೆ ಜನ ಇದ್ದಾರೆ” ಎಂದರು ಅಜ್ಜಿ.

“ಆ ಜನ ಯಾರು ಅಜ್ಜಿ?”

ಅವರು ಉತ್ತರ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಉತ್ತರ ಗೊತ್ತಿತ್ತು.

ಆಸಿಡ್ ಬಿದ್ದ ನೀರಿಗೆ ಕೈಹಾಕುವುದು ಅಪಾಯವಾದ್ದರಿಂದ ಎರಡು ದಿನ ತಡೆದು, ಆಗಾಗ ದೂರದಿಂದ ನೀರು ಸುರಿದು, ಅದೆಲ್ಲ ಮೆಲ್ಲಗೆ ಇಂಗಿಹೋಗಲು ಬಿಟ್ಟೆ. ಮೂರನೆಯ ದಿನ ಕೈಗೆ ರಬ್ಬರು ಗವಸು ತೊಟ್ಟು ಕುಳಿತೆ. ಅಲ್ಲಿದ್ದುದು ನಮ್ಮದೇ ಕೂದಲು, ನಾವೇ ತೊಳೆದುಕೊಂಡ ಸೋಪು. ಆದರೂ ಕೈ ಮುಂದೆ ಹೋಗಲೊಲ್ಲದು! ಆ ಹಿಂಜರಿಕೆ ಬರಿಯ ದುರ್ಗಂಧದಿಂದ ಬಂದುದಾಗಿರಲಿಲ್ಲ. ನಾಲ್ಕು ಪುಟ ಕಾಯಕ ಬರೆದ ಕೈಯೊಳಗೆ ಅಜ್ಜಿಯ ಮಾತು ಕುಳಿತಿತ್ತು.

ಕೊನೆಗೆ ಜಾಲರಿ ಎತ್ತಿದೆ. ಗಟ್ಟಿ ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಇಳಿಬಿಟ್ಟು, ತಿರುಚಿ, ಮೇಲಕ್ಕೆಳೆದೆ. ಕೆಳಕ್ಕೆ ನೂಕಬಾರದು, ನೂಕಿದರೆ ಅಡಚಣೆ ಇನ್ನೂ ಆಳಕ್ಕೆ ಹೋಗಿ ಕೂರುತ್ತದೆ. ಬಂದುದು ಇಲಿಯ ಗಾತ್ರದ ಒಂದು ಕೂದಲ ಉಂಡೆ, ಜೊತೆಗೆ ಶಾಂಪೂವಿನ ಎರಡು ಚೀಟಿ. ಕೂದಲಿಗೆ ಬೂದುಬಣ್ಣದ ಗಸಿ ಮೆತ್ತಿಕೊಂಡಿತ್ತು. ನಮ್ಮದು ಕೊಳವೆಬಾವಿಯ ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ ಸೋಪಿನೊಡನೆ ಸೇರಿದಾಗ ನೀರಿನಲ್ಲಿ ಕರಗದ ಈ ಗಸಿಯುಂಟಾಗುತ್ತದೆ. ಕೂದಲು ಬಲೆಯಾಗುತ್ತದೆ, ಗಸಿ ಗಾರೆಯಾಗುತ್ತದೆ.

ಅಷ್ಟಕ್ಕೂ ನೀರು ಪೂರ್ತಿ ಬಿಡಲಿಲ್ಲ. ಮರದ ಹಿಡಿಯುಳ್ಳ ರಬ್ಬರು ಬಟ್ಟಲನ್ನು ತಂದು, ಅದು ಮುಳುಗುವಷ್ಟು ನೀರು ನಿಲ್ಲಿಸಿ, ರಂಧ್ರದ ಮೇಲೆ ಒತ್ತಿ ಒತ್ತಿ ಎಳೆದೆ. ಫಲವಾಗಲಿಲ್ಲ. ಕೈತೊಳೆಯುವ ಬೇಸಿನ್ನಿನ ಕೊಳವೆಯೂ ಅದೇ ಮೋರಿಗೆ ಸೇರುತ್ತದೆಂಬುದು ಆಮೇಲೆ ಹೊಳೆಯಿತು. ನಾನು ಒತ್ತಿದ ಗಾಳಿಯೆಲ್ಲ ಆ ದಾರಿಯಲ್ಲಿ ಹೊರಟುಹೋಗುತ್ತಿತ್ತು. ಅಲ್ಲಿಗೆ ಒದ್ದೆ ಬಟ್ಟೆ ತುರುಕಿ ಮತ್ತೆ ಇಪ್ಪತ್ತು ಸಲ ಒತ್ತಿದಾಗ ಒಳಗೆ ‘ಗೊಳಕ್’ ಎಂದಿತು. ನೀರು ಸುಳಿಸುತ್ತಿಕೊಂಡು ಇಳಿಯಿತು. ಆ ಸುಳಿಯನ್ನು ನೋಡಿದ ಸಂತೋಷ ಯಾವ ಜಲಪಾತದ ಮುಂದೆಯೂ ನನಗಾಗಿಲ್ಲ! ಕೊನೆಯಲ್ಲಿ ಬಿಸಿನೀರು ಹಾಕಿದೆ; ಕುದಿಯುವ ನೀರನ್ನು ಹಾಕಲಿಲ್ಲ, ಏಕೆಂದರೆ ಪ್ಲಾಸ್ಟಿಕ್ ಕೊಳವೆ ಆ ಶಾಖಕ್ಕೆ ಮೆತ್ತಗಾಗುತ್ತದೆ.

ಈ ಕೆಲಸದಲ್ಲಿ ವಿದ್ಯೆಯಿಲ್ಲವೆಂದು ಯಾರೂ ತಿಳಿಯಬಾರದು. ಮೋರಿಯ ಬಾಯ ಕೆಳಗೆ ಕೊಳವೆ ಬಾಗಿ, ಅಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಚರಂಡಿಯ ಕೆಟ್ಟ ಗಾಳಿ ಮನೆಯೊಳಕ್ಕೆ ಬಾರದಂತೆ ತಡೆಯುವ ಬಾಗಿಲು. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬಾತ ಇಂಥ ಬಾಗುಕೊಳವೆಯುಳ್ಳ ಶೌಚದ ವ್ಯವಸ್ಥೆಗೆ 1775ರಲ್ಲಿ ಪೇಟೆಂಟು ಪಡೆದ. ಕಾಲವನ್ನು ಅಳೆಯುತ್ತಿದ್ದವನು ಮೋರಿಯ ಯೋಚನೆ ಮಾಡಲು ನಾಚಲಿಲ್ಲ. ಅಡಿಗೆ ಸೋಡ ಮತ್ತು ವಿನೆಗರ್ ಸುರಿದರೆ ಸಾಕೆಂದು ಇಂದು ಎಲ್ಲೆಲ್ಲೂ ಕೇಳಿಬರುತ್ತದೆ. ರಸಾಯನಶಾಸ್ತ್ರ ಸ್ವಲ್ಪ ಓದಿದವರಿಗೂ ತಿಳಿಯುವಂತೆ, ಅವೆರಡೂ ಒಂದರ ಬಲವನ್ನೊಂದು ಕಳೆದು ನೊರೆಯೆಬ್ಬಿಸುತ್ತವೆಯೇ ಹೊರತು ಕೂದಲ ಉಂಡೆಯನ್ನು ಕರಗಿಸಲಾರವು. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಸುರಿದರಂತೂ ವಿಷವಾದ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಬಚ್ಚಲಿನಿಂದ ಹೋದ ವಸ್ತು ಮನೆಯಿಂದ ಹೋಯಿತೇ ಹೊರತು ಲೋಕದಿಂದ ಹೋಗಲಿಲ್ಲ. ನಾವು ನೂಕಿದ ಚೀಟಿ, ಜಿಡ್ಡು, ಆಸಿಡ್ ಎಲ್ಲವೂ ಬೀದಿಯ ಒಳಚರಂಡಿಗೆ ಸೇರುತ್ತವೆ. ಅದು ಕಟ್ಟಿಕೊಂಡ ದಿನ ಅಲ್ಲಿಗೆ ಇಳಿಸುವುದು ಯಾರನ್ನು? ಮಲಹೊರುವ ಪದ್ಧತಿಯನ್ನು 1970ರ ದಶಕದಲ್ಲಿಯೇ ನಮ್ಮ ರಾಜ್ಯದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 2013ರ ಕೇಂದ್ರ ಕಾಯಿದೆ, ರಕ್ಷಣೆಯ ಸಾಧನಗಳಿಲ್ಲದೆ ಚರಂಡಿ ಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು ಅಪರಾಧವೆಂದಿತು. ಹೀಗಿದ್ದರೂ 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಬೇಕಾಯಿತು. ಸಾವು ನಿಂತಿದ್ದರೆ ಪರಿಹಾರ ಏರಿಸುವ ಅಗತ್ಯವೇನಿತ್ತು? “ಆ ಕೆಲಸಕ್ಕೆ ಜನ ಇದ್ದಾರೆ” ಎಂಬ ಮಾತು ಬಚ್ಚಲಿನಲ್ಲಿ ಹುಟ್ಟಿ ಆ ಗುಂಡಿಯಲ್ಲಿ ಕೊನೆಗೊಳ್ಳುತ್ತದೆ.

ಹೀಗಾದರೆ ನಲ್ಲಿ ಕೆಲಸದವರ ಹೊಟ್ಟೆಯ ಗತಿಯೇನೆಂದು ಮಿತ್ರರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊಳವೆ ಒಡೆದರೆ, ಗೋಡೆ ತೇವಗೊಂಡರೆ, ಮನೆಯ ಎರಡು ಮೂರು ಕಡೆ ಒಮ್ಮೆಲೆ ನೀರು ನಿಂತರೆ ಅವರನ್ನು ಕರೆಯಲೇಬೇಕು. ಅದು ಅವರ ವಿದ್ಯೆ, ಅದಕ್ಕೆ ತಕ್ಕ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಬೇಕು. ನಮ್ಮ ಕೂದಲು ತೆಗೆಯಲು ಅವರನ್ನು ಕರೆಯುವುದು ಆ ವಿದ್ಯೆಗೆ ಮರ್ಯಾದೆಯಲ್ಲ.

1901ರ ಕಲಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರು ತಾವೇ ಪೊರಕೆ ಕೇಳಿ ಪಡೆದು ಶೌಚಸ್ಥಳವನ್ನು ತೊಳೆದರು. ಅವರಿಗೆ ಯಾರೂ ಅಪ್ಪಣೆ ಮಾಡಿರಲಿಲ್ಲ. ಅದರ ಬೆಲೆಯೆಲ್ಲ ಅಲ್ಲಿದೆ. ಕಿರಿಯರಿಗೋ ಒಂದು ಜಾತಿಯ ಮಕ್ಕಳಿಗೋ ಪೊರಕೆ ಕೊಟ್ಟು ಅದನ್ನು ಶ್ರಮದಾನವೆನ್ನುವುದು ಹಳೆಯ ಅನ್ಯಾಯಕ್ಕೆ ಇಟ್ಟ ಹೊಸ ಹೆಸರು.

ಆದುದರಿಂದ ನಮ್ಮ ವಿದ್ಯಾರ್ಥಿನಿಲಯದ ಮಿತ್ರರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಒಂದು ತಂತಿ, ಒಂದು ರಬ್ಬರು ಬಟ್ಟಲು, ಒಂದು ಜೊತೆ ಗವಸು ಕೊಳ್ಳೋಣ. ಕೊಠಡಿಯ ಸಂಖ್ಯೆಯ ಪ್ರಕಾರ ಭಾನುವಾರಕ್ಕೊಬ್ಬರಂತೆ, ಜಾತಿ ತರಗತಿ ನೋಡದೆ, ಜಾಲರಿ ಎತ್ತೋಣ. ಅಧ್ಯಾಪಕರ ಮನೆಯ ಬಚ್ಚಲ ಮಾತನ್ನು ಆಡುವಷ್ಟು ಧೈರ್ಯ ನನಗಿಲ್ಲ. ಅದು ಅವರ ವಿವೇಚನೆಗೆ ಬಿಟ್ಟದ್ದು.

ನಮ್ಮ ಅಜ್ಜಿ ಇಂದಿಗೂ ಒಪ್ಪಿಲ್ಲ. ಅಂದು ನನಗೆ ಎರಡು ಸಲ ಸ್ನಾನ ಮಾಡಿಸಿಯೇ ಊಟಕ್ಕೆ ಬಡಿಸಿದರು. ಆದರೆ ಆಮೇಲಿನಿಂದ ತಲೆ ಬಾಚಿದಾಗ ಉದುರಿದ ಕೂದಲನ್ನು ಸುತ್ತಿ, ಕಾಗದದಲ್ಲಿ ಮಡಿಸಿ, ಕಸದ ಡಬ್ಬಿಗೆ ಹಾಕುತ್ತಿದ್ದಾರೆ. ಏಕೆಂದು ನಾನು ಕೇಳಿಲ್ಲ.