ಕಾಲೇಜು ಬಾಸ್ಕೆಟ್‌ಬಾಲ್ ಟೀಮಿನ ಸೀಸನ್ 40 ನಿಮಿಷಕ್ಕ ಮುಗದ್ರ ಹೆಂಗ?

ಹಲಗೇರಿ: ಕ್ರಿಕೆಟ್ ಟೂರ್ನಮೆಂಟ್ ಅಂದ್ರ ನಮ್ಮ ಕಡೆ ಅಂಗಡಿಯವರು ಕಪ್ ಕೊಡ್ತಾರ, ಮೈಕ್ ಹಚ್ಚತಾರ, ಊರಿಗೆ ಊರೇ ನೋಡ್ತದ. ಕಾಲೇಜು ಬಾಸ್ಕೆಟ್‌ಬಾಲ್ ಟೀಮ್ ಯಾವಾಗ ಹೋತು, ಯಾವಾಗ ತಿರುಗಿ ಬಂತು ಅನ್ನೋದು ಮಾತ್ರ ಯಾರಿಗೂ ಗೊತ್ತಾಗಲ್ಲ.

ಕಾರಣ ಪಂದ್ಯಾವಳಿಯ ಪದ್ಧತಿಯೊಳಗೇ ಐತಿ. ಅಂತರ ಕಾಲೇಜು ಆಟ ಸಾಮಾನ್ಯವಾಗಿ ನಾಕೌಟ್. ಕೊನೆಯ ನಾಲ್ಕು ಟೀಮಿಗೆ ಮಾತ್ರ ಲೀಗ್ ಇಡೋದೂ ಉಂಟು. 16 ಟೀಮ್ ಬಂದ್ರ ಮೊದಲ ಸುತ್ತಿನಲ್ಲೇ 8 ಟೀಮ್ ಮನಿಗೆ. ಒಂದು ಪಂದ್ಯ ಅಂದ್ರ 10 ನಿಮಿಷದ 4 ಕ್ವಾರ್ಟರ್. ಅಂದ್ರ ಅರ್ಧ ಕಾಲೇಜುಗಳ ಇಡೀ ವರ್ಷದ ಸೀಸನ್ ಬರೀ 40 ನಿಮಿಷ. ಟೀಮಿನೊಳಗೆ 12 ಮಂದಿ, ಅಂಗಳದಾಗ ಆಡೋರು 5 ಮಂದಿ. ಬೆಂಚಿನ ಮೇಲೆ ಕುಂತ ಹುಡುಗ ಒಂದು ಸಲನೂ ಚೆಂಡು ಮುಟ್ಟದೇ ಡಿಗ್ರಿ ಮುಗಿಸಬಹುದು ನೋಡ್ರಿ.

ಅಮೆರಿಕಾದ ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ಮೊಬೈಲ್‌ನಲ್ಲಿ ನೋಡಿದವರು ಕೇಳಬಹುದು, ಅಲ್ಲಿಯೂ ನಾಕೌಟೇ ಅಲ್ಲೇನು ಅಂತ. ಹೌದು, ಮಾರ್ಚ್‌ನಲ್ಲಿ 68 ಟೀಮಿನ ನಾಕೌಟ್ ನಡೀತದ. ಆದ್ರ ಅದಕ್ಕೂ ಮೊದಲು ನವೆಂಬರ್‌ನಿಂದ ಒಂದೊಂದು ಟೀಮ್ ಸುಮಾರು 30 ಪಂದ್ಯ ಆಡಿರ್ತದ. ನಮ್ಮಲ್ಲಿ ಆ 30 ಇಲ್ಲ, ನೇರವಾಗಿ ಕೊನೆಯದು.

ಈಗ ವಿಶ್ವವಿದ್ಯಾಲಯದ ಮಾತು. ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕ ಸೇರಿದ್ದವು. ಧಾರವಾಡ, ಗದಗ, ಉತ್ತರ ಕನ್ನಡದವರ ಜೊತೆ ಪೈಪೋಟಿ ಮಾಡಿ ಆ 12ರೊಳಗೆ ಜಾಗ ಹಿಡೀಬೇಕಿತ್ತು. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಶುರುವಾದ ಮೇಲೆ ಲೆಕ್ಕ ಬದಲಾಯ್ತು. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗೋ ಟೀಮ್ ನಮ್ಮ ಜಿಲ್ಲೆಯದೇ ಆಗಬಹುದು. ಆದ್ರ 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟ ಉಪಸಮಿತಿ ಮುಚ್ಚಬೇಕು ಅಂತ ಹೇಳಿದ 9 ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಹಾವೇರಿಯೂ ಇತ್ತು. ದುಡ್ಡಿಲ್ಲ, ಕಟ್ಟಡ ಇಲ್ಲ, ಸಿಬ್ಬಂದಿ ಇಲ್ಲ ಅನ್ನೋ ಚರ್ಚೆ ಎಲ್ಲಾ ಕಡೆ ಆಯ್ತು. ಆಟದ ಈ 12 ಜಾಗದ ಮಾತು ಯಾರೂ ಎತ್ತಲಿಲ್ಲ.

ಧಾರವಾಡದ ಪೈಪೋಟಿಯೊಳಗೆ ಆಟ ಸುಧಾರಿಸ್ತದ ಅನ್ನೋರೂ ಅದಾರ. ಅದು ಸುಳ್ಳಲ್ಲ. ಗಟ್ಟಿ ಎದುರಾಳಿ ಸಿಕ್ಕರೇ ಆಟ ಬೆಳೀತದ. ಆದ್ರ ರಾಣೇಬೆನ್ನೂರಿನಿಂದ ಧಾರವಾಡ 100 ಕಿ.ಮೀ. ದಾಟತದ. ಹಲಗೇರಿ ಕಡೆಯ ಹುಡುಗಿ ಪಂದ್ಯಕ್ಕಂತ ಅಲ್ಲಿ ರಾತ್ರಿ ಉಳಿಬೇಕಂದ್ರ ಎಷ್ಟು ಮನಿಯವರು ಹೂಂ ಅಂತಾರ? ಹಾವೇರಿ ಆದ್ರ ಸಂಜಿ ಬಸ್ಸಿಗೆ ತಿರುಗಿ ಬರಬಹುದು. ಹುಡುಗಿಯರ ಟೀಮ್ ಉಳಿಯೋದು, ಒಡೆಯೋದು ಬಹಳ ಸಲ ಇದರ ಮೇಲೇ. ಹಂಗಾಗಿ ವಿಶ್ವವಿದ್ಯಾಲಯ ಇಲ್ಲೇ ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಅದು ಬೆಂಗಳೂರಿನಲ್ಲಿ ತೀರ್ಮಾನ ಆಗೋ ವಿಷಯ, ಇರಲಿ. ಆದ್ರ ಲೀಗ್ ನಡೆಸಾಕ ಯಾರ ಆದೇಶವೂ ಬೇಕಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಕುಂತು ಮಾತಾಡಿದ್ರ ಆಗ್ತದ. ಬೇಕಾದದ್ದು ಎರಡು ಚೆಂಡು, ರೆಫ್ರಿ ಭತ್ಯೆ, ಬಸ್ ಚಾರ್ಜು, ಮಧ್ಯಾಹ್ನದ ಊಟ. ಕ್ರಿಕೆಟ್ ಕಪ್ ಕೊಡೋ ಅಂಗಡಿಯವರಿಗೆ ಇದೇನು ಭಾರ ಅಲ್ಲ. ಮೆಣಸಿನಕಾಯಿ ಮಾರ್ಕೆಟ್ ಜೋರಾದ್ರ ಬ್ಯಾಡಗಿಯವರಿಗೆ ಪುರುಸೊತ್ತಿರಲ್ಲ, ಅದಕ್ಕಿಂತ ಮೊದಲೇ ಮುಗಿಸಿದ್ರ ಒಳ್ಳೇದು. ನಾಲ್ಕು ಟೀಮಿನ ಲೀಗ್ ಅಂದ್ರ ಒಟ್ಟು 6 ಪಂದ್ಯ, ಒಂದೊಂದು ಟೀಮಿಗೆ 3. ದಿನಕ್ಕೆ ಎರಡು ಆಡಿಸಿದ್ರ ಮೂರು ಶನಿವಾರ ಸಾಕು.